ಏಡಿಯ ಬಿಲಕ್ಕೆ ಸರ್ವೆ ನಂಬರಿಲ್ಲ

ಕಾರವಾರದ ಇತಿಹಾಸ ಬರೆದವರೆಲ್ಲ ಕಾಳುಮೆಣಸಿನಿಂದ ಶುರು ಮಾಡುತ್ತಾರೆ. ಇಂಗ್ಲಿಷರು 1638ರಲ್ಲಿ ಇಲ್ಲಿ ಬಂದು ವ್ಯಾಪಾರದ ಕೋಠಿ ಹಾಕಿದ್ದು ಮೆಣಸಿಗಾಗಿ. ಅದಕ್ಕೂ ಮೊದಲು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಮೆಣಸಿನ ರಾಣಿ ಅಂತ ಕರೆದದ್ದೂ ಮೆಣಸಿಗಾಗಿ. ಆಮೇಲೆ 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1880ರ ದಶಕದ ಶುರುವಿನಲ್ಲಿ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದ ರವೀಂದ್ರನಾಥ ಟಾಗೋರರು ಈ ಕಡಲ ದಂಡೆಯಲ್ಲಿ ನಾಟಕ ಬರೆದರು. ಇವೆಲ್ಲ ಪುಸ್ತಕಕ್ಕೆ ಬಂದಿವೆ, ಬೀಚಿನ ಹೆಸರಿಗೂ ಬಂದಿವೆ. ಬರಲಿ, ತಪ್ಪಲ್ಲ. ಆದರೆ ಮೆಣಸು ಹಡಗು ಹತ್ತಿ ಹೋಯಿತು. ಹೋಗದೆ ಇಲ್ಲೇ ಉಳಿದದ್ದು ಏನು? ಕಾಳಿ ಮತ್ತು ಗಂಗಾವಳಿ ನದಿಗಳ ಅಳಿವೆಯ ಕೆಸರು, ಕೆಸರಿನ ಬಿಲದಲ್ಲಿ ಏಡಿ, ಆ ಬಿಲಕ್ಕೆ ಕೈ ಹಾಕುವ ಹೆಂಗಸು. ನಾವು ಅಲ್ಲಿಂದ ಶುರು ಮಾಡುತ್ತೇವೆ.

ಏಡಿ ಸಾರಿಗೂ ಇತಿಹಾಸಕ್ಕೂ ಎಂತ ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. ಒಂದು ಜನ ಏನು ತಿಂದು ಬದುಕಿತು, ಅದನ್ನು ಯಾವ ಜಾಗದಿಂದ ತಂದಿತು, ಆ ಜಾಗ ಈಗ ಯಾರ ಕೈಯಲ್ಲಿದೆ ಅನ್ನುವ ಮೂರು ಪ್ರಶ್ನೆ ಕೇಳಿದರೆ ಒಲೆಯ ಮೇಲಿನ ಗಡಿಗೆಯೇ ದಫ್ತರವಾಗುತ್ತದೆ.

ಮಂಡ್ಯ, ಮೈಸೂರಿನ ಗೆಳೆಯರು ನಳ್ಳಿ ಅನ್ನುತ್ತಾರೆ. ತುಳುವರು ಡೆಂಜಿ ಅನ್ನುತ್ತಾರೆ. ಕಾರವಾರದ ಕೊಂಕಣಿಯಲ್ಲಿ ಅದು ಕುರ್ಲಿ, ಅಂಕೋಲೆಯ ಕನ್ನಡದಲ್ಲಿ ಏಡಿ. ಪಂಚಾಂಗದವರ ಬಾಯಲ್ಲಿ ಮಾತ್ರ ಅದು ಕರ್ಕಾಟಕ. ಅಲ್ಲಿ ಅದು ರಾಶಿಯಾಗಿ ಪೂಜ್ಯ, ಗಡಿಗೆಯಲ್ಲಿ ಮೈಲಿಗೆ. ಹೆಸರು ಬದಲಾದರೆ ಪ್ರಾಣಿಯ ಜಾತಿಯೂ ಬದಲಾಗುತ್ತದೆ ಅನ್ನುವುದು ನಮ್ಮ ದೇಶದಲ್ಲಿ ಹೊಸ ಸಂಗತಿಯೇನಲ್ಲ.

ನಮ್ಮಲ್ಲಿ ಮೂರು ಬಗೆಯ ಏಡಿ ಉಂಟು. ಕಡಲಿನದು, ಬಲೆಗೆ ಬೀಳುವಂಥದು, ಚಿಪ್ಪಿನ ಮೇಲೆ ಮೂರು ಚುಕ್ಕಿಯದು ಅದರಲ್ಲಿ ಒಂದು. ಅಳಿವೆಯ ಕೆಸರಿನದು, ಕಾಂಡ್ಲಾ ಗಿಡಗಳ ಬೇರಿನ ನಡುವೆ ಬಿಲ ತೋಡುವ ದಪ್ಪ ಕೊಂಬಿನ ಹಸಿರು-ಕಪ್ಪು ಏಡಿ. ಮೂರನೆಯದು ಮಳೆಗಾಲದಲ್ಲಿ ಗದ್ದೆಯ ಬದುವಿನಿಂದ ಹೊರಬೀಳುವ ಸಣ್ಣ ಏಡಿ. ಮೊದಲನೆಯದಕ್ಕೆ ದೋಣಿ ಬೇಕು, ಬಲೆ ಬೇಕು. ದೋಣಿಗೂ ಬಲೆಗೂ ಸಾಲ ಬೇಕು. ಉಳಿದ ಎರಡಕ್ಕೆ ಏನೂ ಬೇಡ. ಇಳಿತದ ಹೊತ್ತಿಗೆ ಕೆಸರಿಗೆ ಇಳಿಯಬೇಕು, ಕಬ್ಬಿಣದ ಕೊಕ್ಕೆ ಬಿಲಕ್ಕೆ ತೂರಬೇಕು, ಕೊಕ್ಕೆಗೆ ಕೊಂಬು ಕಚ್ಚಿದ್ದು ಕೈಗೆ ತಿಳಿಯಬೇಕು. ಅಥವಾ ಕಬ್ಬಿಣದ ಬಳೆಗೆ ಬಲೆಯ ಚೂರು ಹೆಣೆದು, ನಡುವೆ ಮೀನಿನ ತಲೆ ಕಟ್ಟಿ ನೀರಿಗಿಳಿಸಿ ಕಾಯಬೇಕು. ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇಷ್ಟೇ: "ಏಡಿ ಹಿಡೂಕೆ ದೋಣಿ ಎಂತಕೆ? ಬಗ್ಗೂಕೆ ಬೆನ್ನಿದ್ರೆ ಸಾಕು."

ಈ ಒಂದು ಮಾತಿನಲ್ಲಿ ನಮ್ಮ ಚರಿತ್ರೆ ಇದೆ. ಇಸ್ವಾಣ, ಪಾಪ್ಲೆಟ್ ಹಿಡಿಯಲು ದೋಣಿಯ ಮಾಲೀಕ ಬೇಕು. ಅಕ್ಕಿ ಬೆಳೆಯಲು ಗದ್ದೆಯ ಒಡೆಯ ಬೇಕು. ದೋಣಿಯೂ ಇಲ್ಲದ ಗದ್ದೆಯೂ ಇಲ್ಲದ ಮನೆಯ ಹೆಂಗಸು ಯಾರ ಅಪ್ಪಣೆಯನ್ನೂ ಕೇಳದೆ ತರಬಹುದಾಗಿದ್ದ ಊಟ ಇದು. ಏಡಿ, ಬಳಚು, ಕಲ್ಲಿಗೆ ಅಂಟಿದ ಚಿಪ್ಪಿ. ಆಗೇರರು, ಮುಕ್ರಿಗಳು, ಹಾಲಕ್ಕಿಗಳು, ಅಂಬಿಗರು, ಹರಿಕಂತ್ರರು, ಖಾರ್ವಿಗಳು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದ ಕಾಲದಲ್ಲೂ ಇಳಿತದ ಹೊತ್ತಿನ ಕೆಸರಿನಲ್ಲಿ ಒಟ್ಟಿಗೇ ಬಗ್ಗುತ್ತಿದ್ದರು. ಕೆಸರಿಗೆ ಪಂಕ್ತಿಭೇದ ಗೊತ್ತಿರಲಿಲ್ಲ. ಏಡಿ ತಿನ್ನುವವರು ಬಡವರು ಮಾತ್ರ ಅಂತ ನಾವು ಹೇಳುತ್ತಿಲ್ಲ. ಮೀನು ತಿನ್ನುವ ಮೇಲ್ಜಾತಿಯವರೂ ಏಡಿಯನ್ನು ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಕೊಂಡು ತಿನ್ನುವುದು ಬೇರೆ, ಬಗ್ಗಿ ತರುವುದು ಬೇರೆ.

ಬಗ್ಗುವುದಕ್ಕೂ ವಿದ್ಯೆ ಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಗಡಿಯಾರ ಕಾಣದ ನಮ್ಮ ಹೆಂಗಸರು ಈ ಲೆಕ್ಕವನ್ನು ತಿಥಿಯ ಮೇಲೆ ಹೇಳುತ್ತಿದ್ದರು. "ಅಮಾಸೆ ಏಡಿ ತುಂಬಿದ್ದು, ಹುಣ್ಣಿಮೆ ಏಡಿ ಪೊಳ್ಳು" ಅನ್ನುವ ಮಾತು ಕರಾವಳಿಯ ಉದ್ದಕ್ಕೂ ಇದೆ. ಹೊಟ್ಟೆಯ ಮುಚ್ಚಳ ಅಗಲವಾಗಿದ್ದರೆ ಹೆಣ್ಣು, ಚೂಪಾಗಿದ್ದರೆ ಗಂಡು. ಮೊಟ್ಟೆ ಹೊರಗೆ ಹೊತ್ತ ಹೆಣ್ಣನ್ನು ತಿಳಿದವರು ತಿರುಗಿ ನೀರಿಗೆ ಬಿಡುತ್ತಿದ್ದರು. ಚಿಪ್ಪು ಕಳಚಿ ಮೈ ಮೆತ್ತಗಾದ ಏಡಿಯಲ್ಲಿ ನೀರೇ ಹೆಚ್ಚು ಅಂತ ಹಿಡಿದ ಕೈಗೇ ತಿಳಿಯುತ್ತಿತ್ತು. ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಬರುವ ಎಷ್ಟೋ ಮೊದಲು ಆ ಅಳಿವೆಯಲ್ಲಿ ಈ ಶಾಸ್ತ್ರ ನಡೆಯುತ್ತಿತ್ತು. ಸರ್ಟಿಫಿಕೇಟು ಮಾತ್ರ ಇರಲಿಲ್ಲ.

ಇನ್ನು ಅಡುಗೆಗೆ ಬರೋಣ. ಇಲ್ಲಿ ನಿಧಾನವಾಗಿಯೇ ಹೇಳಬೇಕು. ಯಾಕೆಂದರೆ ಇದನ್ನು ಬರೆದಿಟ್ಟವರು ಕಡಿಮೆ.

ಏಡಿ ಜೀವ ಇರುವಾಗಲೇ ಮನೆಗೆ ಬರಬೇಕು. ಸತ್ತ ಏಡಿ ಬೇಗ ಕೆಡುತ್ತದೆ, ಹೊಟ್ಟೆ ಕೆಡಿಸುತ್ತದೆ. ಮೊದಲು ಕೊಂಬು ಮುರಿದು ತೆಗೆಯುತ್ತಾರೆ, ಆಮೇಲೆ ಕಾಲು. ಬೆನ್ನಿನ ಚಿಪ್ಪು ಎತ್ತಿ, ಪಕ್ಕೆಯ ಗರಿಗರಿ ಕಿವಿರನ್ನು ಕಿತ್ತು ಬಿಸಾಡುತ್ತಾರೆ. ಚಿಪ್ಪಿನ ಮೂಲೆಯಲ್ಲಿ ಕೂತ ಹಳದಿ ಮೊಟ್ಟೆಯನ್ನು ಬೆರಳಲ್ಲಿ ಬಳಿದು ಬೇರೆ ಇಡುತ್ತಾರೆ. ಮೈಯನ್ನು ಎರಡು ಹೋಳು ಮಾಡುತ್ತಾರೆ. ಕೊಂಬನ್ನು ಒಂದೇ ಏಟಿಗೆ ಬಿರುಕು ಬಿಡುವಷ್ಟು ಮಾತ್ರ ಜಜ್ಜುತ್ತಾರೆ. ಹೆಚ್ಚು ಜಜ್ಜಿದರೆ ಮಾಂಸಕ್ಕೆ ಚಿಪ್ಪಿನ ಚೂರು ಸೇರುತ್ತದೆ, ಕಡಿಮೆ ಜಜ್ಜಿದರೆ ಮಸಾಲೆ ಒಳಗೆ ಇಳಿಯುವುದಿಲ್ಲ.

ಸಣ್ಣ ಕಾಲುಗಳನ್ನು ಹೋಟೆಲಿನವರು ಎಸೆಯುತ್ತಾರೆ. ನಮ್ಮ ಮನೆಗಳಲ್ಲಿ ಎಸೆಯುವುದಿಲ್ಲ. ಒರಳಿಗೆ ಹಾಕಿ, ಒಂದಿಷ್ಟು ನೀರು ಬಿಟ್ಟು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ ಆ ರಸವನ್ನು ಸಾರಿಗೆ ಬಿಡುತ್ತಾರೆ. ಕಾವು ತಾಗುತ್ತಲೇ ರಸ ಹೆಪ್ಪುಗಟ್ಟಿ ಸಾರು ಮಂದವಾಗುತ್ತದೆ. "ಕಾಲು ಎಸೀಬೇಡ್ರೇ, ಕಾಲಲ್ಲೇ ಸಾರು ಅದೆ." ಎರಡು ಏಡಿಯಲ್ಲಿ ಎಂಟು ಜನ ಉಣ್ಣಬೇಕಾದ ಮನೆಯಲ್ಲಿ ಹುಟ್ಟಿದ ವಿದ್ಯೆ ಇದು. ಇವತ್ತು ಇದನ್ನು ರುಚಿ ಅಂತ ಹೊಗಳುವವರಿದ್ದಾರೆ. ಹೌದು, ರುಚಿಯೇ. ಆ ರುಚಿಗೆ ತಾಯಿ ಹಸಿವು.

ಸಾರಿಗೆ ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ಬೀಜ, ಅರಿಸಿನ ಅರೆಯುತ್ತಾರೆ. ಹುಳಿಗೆ ಮುರುಗಲ ಸಿಪ್ಪೆ. ಕೊನೆಗೆ ನಾಲ್ಕು ತೆಪ್ಪಲ ಜಜ್ಜಿ ಹಾಕಿ ಮುಚ್ಚಿಡುತ್ತಾರೆ. ಅಳಿವೆಯ ಏಡಿಗೆ ಉಪ್ಪು ನೋಡಿ ಹಾಕಬೇಕು, ಅದರ ಮೈಯಲ್ಲೇ ಕಡಲಿದೆ. ಒಗ್ಗರಣೆ ಬೇಡ. ಮೇಲೊಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟರೆ ಅದೇ ಹಬ್ಬ. ಕೈಯಲ್ಲಿ ಕಾಸಿದ್ದ ದಿನ ಸುಕ್ಕಾ. ಆಗ ಕಾಯಿ, ಈರುಳ್ಳಿ, ಲವಂಗ ಹುರಿದು ಅರೆದು, ನೀರು ಆರಿಸಿ ಮಾಡುತ್ತಾರೆ. ಏನೂ ಇಲ್ಲದ ದಿನ ಗದ್ದೆ ಏಡಿಯನ್ನು ಕೆಂಡದಲ್ಲಿ ಸುಟ್ಟು, ಉಪ್ಪು ಮೆಣಸು ಸೇರಿಸಿ ಜಜ್ಜಿ, ಕುಚ್ಚಲಕ್ಕಿ ಗಂಜಿಯ ಜೊತೆ ನೆಂಚಿಕೊಳ್ಳುತ್ತಾರೆ. ಶೀತಕ್ಕೆ ಏಡಿ ಸಾರು ಮದ್ದು ಅನ್ನುವ ನಂಬಿಕೆ ಘಟ್ಟದ ಮೇಲೂ ಇದೆ, ಕೆಳಗೂ ಇದೆ.

ಬೇಯುವಾಗ ಏಡಿ ಕೆಂಪಾಗುತ್ತದೆ. ಆ ಕೆಂಪನ್ನು ಯಾರೂ ಹೊರಗಿನಿಂದ ಹಾಕಿದ್ದಲ್ಲ. ಚಿಪ್ಪಿನೊಳಗಿನ ಕೆಂಪು ಬಣ್ಣವನ್ನು ಒಂದು ಪ್ರೋಟೀನು ಕಟ್ಟಿಹಾಕಿ ಹಸಿರು-ನೀಲಿಯಾಗಿ ತೋರಿಸುತ್ತಿರುತ್ತದೆ. ಕಾವು ಹೆಚ್ಚಿದಾಗ ಆ ಕಟ್ಟು ಬಿಚ್ಚುತ್ತದೆ. ಇದು ವಿಜ್ಞಾನ. ನಮ್ಮ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗಡಿಗೆಯಲ್ಲಿ ಎಷ್ಟು ಕಾಲ ಬೇಯುತ್ತಿದೆ ನೋಡಿ. ತೆಪ್ಪಲ, ಮುರುಗಲು ಎರಡೂ ಸಹ್ಯಾದ್ರಿಯ ಕಾಡಿನವು, ಲೆಕ್ಕ ಸಿಗದಷ್ಟು ಹಳೆಯವು. ಮೆಣಸಿನಕಾಯಿ ಹೊಸದು. ಅಮೆರಿಕ ಖಂಡದಿಂದ ಪೋರ್ಚುಗೀಜರ ಹಡಗಿನಲ್ಲಿ ಬಂದದ್ದು. ಪೋರ್ಚುಗೀಜರು ನಮ್ಮ ಪಕ್ಕದ ಗೋವೆಯನ್ನು ಹಿಡಿದದ್ದು 1510ರಲ್ಲಿ. ಹಾಗಾದರೆ ನಮ್ಮ ಸಾರಿನ ಖಾರಕ್ಕೆ ಐದು ನೂರು ವರ್ಷದ ಆಸುಪಾಸು. ಅದಕ್ಕೂ ಮೊದಲು ಖಾರ ಅಂದರೆ ಕಾಳುಮೆಣಸು, ತೆಪ್ಪಲ. ಮೆಣಸಿನ ಬಳ್ಳಿಗೆ ತೋಟ ಬೇಕು, ತೋಟಕ್ಕೆ ಒಡೆಯ ಬೇಕು, ಕಾಳಿಗೆ ರಾಣಿಯೂ ಕಂಪನಿಯೂ ಕಾದು ಕೂತಿದ್ದರು. ಮೆಣಸಿನಕಾಯಿ ಗಿಡಕ್ಕೆ ಹಿತ್ತಲಿನ ಒಂದು ಮೂಲೆ ಸಾಕು. ಆಮೇಲೆ ಹುಬ್ಬಳ್ಳಿ ದಾರಿಯಲ್ಲಿ ಬ್ಯಾಡಗಿ ಮೆಣಸು ಇಳಿದು ಬಂತು, ಇಲ್ಲಿಂದ ಉಪ್ಪು, ಒಣಮೀನು ಘಟ್ಟ ಏರಿತು. ಏಡಿ ಮಾತ್ರ ಏರಲಿಲ್ಲ. ಅದನ್ನು ಒಣಗಿಸಿ ಕೂಡಿಡಲು ಬರುವುದಿಲ್ಲ. ಕೂಡಿಡಲು ಬಾರದ್ದಕ್ಕೆ ಸುಂಕ ಹಾಕುವುದು ಕಷ್ಟ, ಅದನ್ನು ಕಣಜಕ್ಕೆ ತುಂಬುವುದೂ ಕಷ್ಟ. ಅದಕ್ಕೇ ಅದು ಬಡವರ ಗಡಿಗೆಯಲ್ಲಿ ಉಳಿಯಿತು.

ಅದಕ್ಕೇ ಅದು ಪುಸ್ತಕಕ್ಕೂ ಬರಲಿಲ್ಲ. ಕನ್ನಡದ ಪಾಕಗ್ರಂಥ ಅಂತ ನಾವು ಹೆಮ್ಮೆ ಪಡುವ ಮೂರನೆಯ ಮಂಗರಸನ 'ಸೂಪಶಾಸ್ತ್ರ' 1508ರ ಸುಮಾರಿನದು, ಗೋವೆ ಬೀಳುವ ಎರಡು ವರ್ಷ ಮೊದಲಿನದು. ಜೈನ ಕವಿಯ ಗ್ರಂಥ, ಪೂರ್ತಿ ಸಸ್ಯಾಹಾರ. ಅದು ಕವಿಯ ಧರ್ಮ, ನಮ್ಮ ತಕರಾರಿಲ್ಲ. ತಕರಾರು ಇರುವುದು ಆ ಒಂದು ಅಡುಗೆಮನೆಯನ್ನೇ ಕನ್ನಡದ ಅಡುಗೆಮನೆ ಅಂತ ತೋರಿಸಿದವರ ಮೇಲೆ. 1801ರಲ್ಲಿ ಕಂಪನಿ ಸರಕಾರಕ್ಕಾಗಿ ಈ ದಾರಿಯಲ್ಲಿ ನಡೆದ ಫ್ರಾನ್ಸಿಸ್ ಬ್ಯುಕನನ್ ನೆಲ, ಬೆಳೆ, ಕಂದಾಯದ ಲೆಕ್ಕ ಬರೆದುಕೊಂಡ. 1883ರಲ್ಲಿ ಮುಂಬಯಿ ಸರಕಾರ ಹೊರತಂದ ಕೆನರಾ ಗ್ಯಾಸೆಟಿಯರ್ ಒಂದೊಂದು ಜಾತಿಯ ಹೆಸರು ಬರೆದು, ಅವರು ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಅಂತ ಪಟ್ಟಿ ಮಾಡಿತು. ತಿನ್ನುವುದು ಜಾತಿಯ ಗುರುತಾಗಿ ಬೇಕಿತ್ತು. ಬೇಯಿಸುವುದು ಬುದ್ಧಿಯ ಕೆಲಸ ಅನ್ನುವುದು ಬೇಕಿರಲಿಲ್ಲ.

ಉಪ್ಪಿನ ಕತೆಯೂ ಇದೇ ದಾರಿಯದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಈ ತಾಲೂಕಿಗೆ ಬಂತು. ಆ ತ್ಯಾಗದ ಮುಂದೆ ನಾವು ತಲೆ ಬಾಗುತ್ತೇವೆ. ಆದರೆ ಅಗರದಲ್ಲಿ ಉಪ್ಪು ಎಳೆದು ಎಳೆದು ಆ ಅಗರದ ಹೆಸರನ್ನೇ ಜಾತಿಯಾಗಿ ಹೊತ್ತವರು ಆಗೇರರು. ಅವರು ಪರಿಶಿಷ್ಟರ ಪಟ್ಟಿಯಲ್ಲಿ ಸಿಗುತ್ತಾರೆ, ಉಪ್ಪಿನ ಇತಿಹಾಸದಲ್ಲಿ ಹುಡುಕಬೇಕು. ಉಪ್ಪು ಸತ್ಯಾಗ್ರಹವಾಯಿತು. ಉಪ್ಪು ಎಳೆದವರು ಸಂಜೆ ಕಾಲು ತೊಳೆಯುವ ಮೊದಲು ಕೆಸರಿನಿಂದ ಎತ್ತಿ ತಂದ ಏಡಿ ಏನೂ ಆಗಲಿಲ್ಲ.

ಆಮೇಲೆ ಭೂಮಿಯ ಹೋರಾಟ ಬಂತು. ಅಂಕೋಲೆಯ ದಿನಕರ ದೇಸಾಯಿಯವರು ಗೇಣಿದಾರರನ್ನು ಕಟ್ಟಿದರು, ಬ್ರಿಟಿಷ್ ಸರಕಾರದಿಂದ ಗಡೀಪಾರು ಅನುಭವಿಸಿದರು. 1953ರಲ್ಲಿ ಅವರು ಹುಟ್ಟುಹಾಕಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳಿಂದ ನಮ್ಮಂಥ ಎಷ್ಟೋ ಮನೆಗಳಿಗೆ ಮೊದಲ ಅಕ್ಷರ ಬಂತು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂತು, ಗೇಣಿದಾರ ಫಾರಂ ನಂಬರ್ 7 ತುಂಬಿ ಒಡೆಯನಾದ. ಇದು ದೊಡ್ಡ ಮಾತು, ಸಣ್ಣದು ಮಾಡುವುದಿಲ್ಲ. ಆದರೆ ಆ ಫಾರಂ ಕೇಳಿದ್ದು ಸರ್ವೆ ನಂಬರು, ಎಕರೆ, ಗುಂಟೆ, ಗೇಣಿ. ತಲೆತಲಾಂತರದಿಂದ ಅಳಿವೆಯ ಕೆಸರಿನಲ್ಲಿ ಬಗ್ಗಿದ ಹೆಂಗಸು ಯಾವ ಕಾಲಮ್ಮಿನಲ್ಲಿ ಹೆಬ್ಬೆಟ್ಟು ಒತ್ತಬೇಕು? ಏಡಿಯ ಬಿಲಕ್ಕೆ ಸರ್ವೆ ನಂಬರಿಲ್ಲ. ಗುರುತಿಲ್ಲದ್ದು ಯಾರದೂ ಅಲ್ಲ ಅಂತ ಸರಕಾರ ತಿಳಿಯುತ್ತದೆ. ಯಾರದೂ ಅಲ್ಲದ್ದು ಕೊನೆಗೆ ದೊಡ್ಡವರದ್ದಾಗುತ್ತದೆ.

ಆದದ್ದೂ ಹಾಗೆಯೇ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಬಿಣಗಾ, ಅರ್ಗಾ, ಚೆಂಡಿಯಾ ಸೇರಿ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ, 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. 11 ಸಾವಿರ ಎಕರೆಯ ಸುಮಾರು ನೆಲ ಹೋಯಿತು. 2005ರಲ್ಲಿ ಐಎನ್ಎಸ್ ಕದಂಬ ಕೆಲಸ ಶುರು ಮಾಡಿತು. ದೇಶ ಕಾಯುವ ನೆಲೆ ಬೇಡ ಅಂತ ನಾವು ಹೇಳುವುದಿಲ್ಲ. ಕೇಳುವುದು ಪರಿಹಾರದ ಲೆಕ್ಕ. ಗುಂಟೆಗೆ ಇಷ್ಟು ಅಂತ ದರ ಕಟ್ಟಿದರು, ಅದೂ ಸಾಲದೆ ಜನ ದಶಕಗಟ್ಟಲೆ ಕೋರ್ಟು ಹತ್ತಿ ಇಳಿದರು. ಬೇಲಿಯ ಆಚೆ ಉಳಿದ ದಂಡೆಗೆ, ದಂಡೆಯಿಂದ ವಾರಕ್ಕೆ ನಾಲ್ಕು ದಿನ ಬರುತ್ತಿದ್ದ ಸಾರಿಗೆ ಯಾವ ದರ? ಪುನರ್ವಸತಿಯ ಸೈಟಿನಲ್ಲಿ ಅಡುಗೆಮನೆ ಇರುತ್ತದೆ, ಇಳಿತದ ಕೆಸರು ಇರುವುದಿಲ್ಲ.

ಗಜನಿಗಳ ಕತೆ ಇನ್ನೊಂದು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಜಂತ್ರಡಿ ಅನ್ನುವ ತೂಬಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ, ಏಡಿ. 1990ರ ದಶಕದಲ್ಲಿ ಸಿಗಡಿಗೆ ಡಾಲರ್ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು, ಕಾವಲು ಬಂತು. ಕಟ್ಟೆಯ ಮೇಲೆ ಬುಟ್ಟಿ ಹಿಡಿದು ನಡೆದವಳು ಕಳ್ಳಿಯಾದಳು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೆರೆಗಳ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ದೆಹಲಿಯಲ್ಲಿ ಬಂತು, ಕಾವಲುಗಾರ ಕಟ್ಟೆಯ ಮೇಲಿದ್ದ. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು, ಹೆಂಗಸರು ಬೀದಿಗಿಳಿದರು. 2023ರಲ್ಲಿ ಅಂಕೋಲೆಯ ಕೇಣಿಯಲ್ಲಿ 4 ಸಾವಿರ ಕೋಟಿ ರೂಪಾಯಿಗೂ ಮೀರಿದ ಖಾಸಗಿ ಬಂದರಿನ ಯೋಜನೆ ಬಂತು. 2025ರಲ್ಲಿ ಅಲ್ಲಿಯ ದಂಡೆಯೂ ಪ್ರತಿಭಟನೆಯ ದಂಡೆಯಾಯಿತು. ಯೋಜನೆಯ ನಕ್ಷೆಯಲ್ಲಿ ಬಂಡೆ ಇರುತ್ತದೆ, ಆಳ ಇರುತ್ತದೆ, ರೈಲಿನ ಗೆರೆ ಇರುತ್ತದೆ. ಏಡಿಯ ಬಿಲ ಇರುವುದಿಲ್ಲ.

ಬೇಲಿ ಹಾಕದ ಕಡೆ ಬೆಲೆ ಬಂತು. ಕೆಸರಿನ ಏಡಿಗೆ ಒಂದು ಗುಣ ಉಂಟು. ತೇವದಲ್ಲಿಟ್ಟರೆ ನೀರಿಲ್ಲದೆಯೂ ಕೆಲವು ದಿನ ಬದುಕುತ್ತದೆ. ಮೊದಲು ಈ ಗುಣಕ್ಕೆ ಗಿರಾಕಿ ಇರಲಿಲ್ಲ. ಈಗ ಗೋವೆಯ ಹೋಟೆಲಿಗೆ ಹೋಗುತ್ತದೆ. ನಮ್ಮ ದೇಶದ ಕೆಸರು ಏಡಿ ಕೊಂಬು ಕಟ್ಟಿಸಿಕೊಂಡು ಪೆಟ್ಟಿಗೆಯಲ್ಲಿ ಜೀವಂತ ವಿಮಾನ ಹತ್ತಿ ಸಿಂಗಾಪುರಕ್ಕೂ ಚೀನಾಕ್ಕೂ ಹೋಗುತ್ತದೆ. ದೊಡ್ಡದನ್ನು ಹಿಡಿದವರು ಮಾರುತ್ತಾರೆ, ಮಾರಲೇಬೇಕು. ಅಕ್ಕಿ, ಫೀಸು, ಔಷಧಿ ಅದರಿಂದಲೇ. ಮನೆಗೆ ಉಳಿಯುವುದು ಕೊಂಬು ಮುರಿದದ್ದು, ಸಣ್ಣದು, ಪೊಳ್ಳಾದದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಮಾತ್ರ ಅಳಿವೆಯ ಏಡಿ, ಗದ್ದೆಯ ಏಡಿ ಮತ್ತೆ ನಮ್ಮ ಒಲೆಗೆ ಬರುತ್ತದೆ.

ಸಿಂಗಾಪುರದ ಮಾತು ಬಂತು, ಅಲ್ಲಿಯ ಒಂದು ಸಂಗತಿ ಹೇಳಬೇಕು. ಆ ದೇಶದ ಹೆಮ್ಮೆಯ ತಿನಿಸು ಖಾರದ ಏಡಿ. ಅದನ್ನು ಮೊದಲು ಮಾಡಿದ್ದು ಚೆರ್ ಯಾಮ್ ಟಿಯಾನ್ ಅನ್ನುವ ಹೆಂಗಸು. ಬರೀ ಹಬೆಯಲ್ಲಿ ಬೇಯಿಸುತ್ತಿದ್ದ ಏಡಿಗೆ ಮನೆಯಲ್ಲಿ ಮೆಣಸಿನ ರಸ ಬೆರೆಸಿ ನೋಡಿದಳು. 1956ರ ಸುಮಾರಿಗೆ ತಳ್ಳುಗಾಡಿಯಲ್ಲಿಟ್ಟು ಮಾರಿದಳು. ಇವತ್ತು ಅವಳ ಹೆಸರು ಆ ದೇಶದ ಇತಿಹಾಸದಲ್ಲಿದೆ. ಏಡಿಯ ಕಾಲು ಕುಟ್ಟಿ ರಸ ಹಿಂಡಿದರೆ ಸಾರು ಮಂದವಾಗುತ್ತದೆ ಅಂತ ಮೊದಲು ಕಂಡುಹಿಡಿದ ನಮ್ಮ ದಂಡೆಯ ಹೆಂಗಸಿನ ಹೆಸರೇನು? ಬೆಂಗಳೂರಿನಲ್ಲಿ 'ಕಾರವಾರಿ ಊಟ' ಅನ್ನುವ ಬೋರ್ಡು ಇದೆ. ಊರಿನ ಹೆಸರು ಬೋರ್ಡಿಗೆ ಬಂತು, ಕೇರಿಯ ಹೆಸರು ಬರಲಿಲ್ಲ.

ಏಡಿಯ ಬುಟ್ಟಿಗೆ ಮುಚ್ಚಳ ಬೇಡ, ಒಂದು ಹತ್ತಿದರೆ ಇನ್ನೊಂದು ಕಾಲೆಳೆಯುತ್ತದೆ ಅಂತ ಭಾಷಣಕಾರರು ಹೇಳುತ್ತಾರೆ. ನಮ್ಮ ಜನಕ್ಕೆ ಒಗ್ಗಟ್ಟಿಲ್ಲ ಅನ್ನುವುದಕ್ಕೆ ಈ ಉಪಮೆ. ಹೇಳುವವರು ಏಡಿಯ ಬುಟ್ಟಿ ಹೊತ್ತವರಲ್ಲ. ಹೊತ್ತವರಿಗೆ ಗೊತ್ತು, ಏಡಿ ಬುಟ್ಟಿ ಹತ್ತಿ ಹೊರಗೆ ಬರುತ್ತದೆ, ಹಾದಿಯುದ್ದಕ್ಕೂ ಉದುರುತ್ತದೆ. ಅದಕ್ಕೇ ಕೊಂಬು ಕಟ್ಟುತ್ತೇವೆ, ಮೇಲೆ ಒದ್ದೆ ಗೋಣಿ ಹಾಸುತ್ತೇವೆ. ಅದು ಕಾಲೆಳೆಯುವುದಿಲ್ಲ. ಹತ್ತಲು ಸಿಕ್ಕಿದ್ದನ್ನು ಹಿಡಿಯುತ್ತದೆ. ಬುಟ್ಟಿ ಹೆಣೆದವನನ್ನು ಬಿಟ್ಟು ಬುಟ್ಟಿಯೊಳಗಿನವರನ್ನು ಬೈಯುವುದು ಹಳೆಯ ಚಾಳಿ.

ಊಟದ ನಾಚಿಕೆ ಇನ್ನೂ ಹೋಗಿಲ್ಲ. ಓದಲು ಘಟ್ಟ ಹತ್ತಿದ ನಮ್ಮಲ್ಲಿ ಹಲವರಿಗೆ ಬಾಡಿಗೆ ಕೋಣೆಯ ಬಾಗಿಲಲ್ಲಿ ಮೊದಲು ಕೇಳಿದ್ದು ಹೆಸರಲ್ಲ, ಏನು ತಿನ್ನುತ್ತೀರಿ ಅನ್ನುವುದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿಗೆ ಸೇರಿಸಿ ನಿಷೇಧಿಸಿದ ಸೂಚನೆ ಬಂತು. ಮಂಡ್ಯದ ಜನ ಬಾಡೂಟ ಬೇಕು ಅಂತ ಎದ್ದು ನಿಂತರು. ನಳ್ಳಿ ತಿನ್ನುವವರು ಎತ್ತಿದ ಆ ಪ್ರಶ್ನೆ ಏಡಿ ತಿನ್ನುವವರದ್ದೂ ಹೌದು. ಕನ್ನಡವನ್ನು ಆಡುವ ನಾಲಿಗೆಯೇ ಏಡಿಯನ್ನೂ ತಿನ್ನುವುದು. ನಾಲಿಗೆಯ ಅರ್ಧವನ್ನು ಪೆಂಡಾಲಿನ ಹೊರಗೆ ಬಿಟ್ಟು ಬರಲು ಆಗುವುದಿಲ್ಲ.

ಕಾಳಿ ನದಿಯ ಕಾಂಡ್ಲಾ ಕಾಡಿನೊಳಗೆ ಈಗ ಪ್ರವಾಸಿಗರಿಗೆ ಮರದ ಕಾಲುದಾರಿ ಇದೆ. ಚಪ್ಪಲಿಗೆ ಕೆಸರು ತಾಗದೆ ಕಾಡು ನೋಡಬಹುದು. ನೋಡಲಿ. ಆದರೆ ಆ ಹಲಗೆಯ ಕೆಳಗಿನ ಕೆಸರಿಗೆ ಹೆಸರುಗಳಿವೆ. ಯಾವ ತಿರುವಿನಲ್ಲಿ ದೊಡ್ಡ ಬಿಲ, ಯಾವ ಬಂಡೆಯ ಬುಡದಲ್ಲಿ ಚಿಪ್ಪಿ, ಯಾವ ಕೋಡಿಯಲ್ಲಿ ಮಳೆ ಬಿದ್ದ ಮೂರನೆಯ ದಿನ ಏಡಿ ಅಂತ ಹೇಳುವ ಹೆಸರುಗಳು. ಅವು ಕಂದಾಯದ ನಕ್ಷೆಯಲ್ಲಿಲ್ಲ, ಎಪ್ಪತ್ತು ದಾಟಿದ ಹೆಂಗಸರ ನಾಲಿಗೆಯಲ್ಲಿವೆ.

ಕಾಲೇಜು ಕಂಡ ನಮಗೆ ಈಗ ಇರುವ ಕೆಲಸ ಇದು. ಒಂದು ನೋಟುಬುಕ್ಕು ಹಿಡಿದು ಕೇರಿಯ ಒಲೆಯ ಮುಂದೆ ಕೂರಬೇಕು. ಜಾಗದ ಹೆಸರು, ಇಳಿತದ ಲೆಕ್ಕ, ಸಾರಿನ ಕ್ರಮ, ಹೇಳಿದವಳ ಹೆಸರು, ಅವಳ ಅವ್ವಿಯ ಹೆಸರು ಬರೆದುಕೊಳ್ಳಬೇಕು. ಇನ್ನೊಂದು ಯೋಜನೆಯ ಅಹವಾಲು ಸಭೆ ಕರೆದು, ಇಲ್ಲಿ ಏನೂ ಇಲ್ಲ, ಬರೀ ಕೆಸರು ಅಂತ ಸಾಹೇಬರು ಹೇಳಿದ ದಿನ ಆ ನೋಟುಬುಕ್ಕನ್ನು ಮೇಜಿನ ಮೇಲೆ ಇಡಬೇಕು. ಅದು ಪಹಣಿ ಪತ್ರಿಕೆಗಿಂತ ಹಳೆಯ ದಾಖಲೆ. ಅದಕ್ಕೆ ಸಹಿ ಹಾಕುವ ಹೆಂಗಸರು ಇನ್ನೂ ಬದುಕಿದ್ದಾರೆ. ಇಳಿತಕ್ಕೆ ಇನ್ನೂ ಹೊತ್ತಿದೆ, ಬೇಗ ಹೋಗೋಣ.